ಫ್ರಾಂಕ್‌ಫರ್ಟಿನಲ್ಲಿ ಕಾಲು ಹಿಡಿದದ್ದು

ಆಟ ನೋಡುವಾಗ ಬಾಯಿ ಮುಚ್ಚಿಕೊಂಡು ಕೂರುವವರನ್ನು ಕಂಡರೆ ನನಗೆ ಗೌರವವೂ ಇದೆ, ಸ್ವಲ್ಪ ಅನುಮಾನವೂ ಇದೆ. ನನ್ನಿಂದಂತೂ ಅದು ಆಗದ ಕೆಲಸ. ಮೈಸೂರಿನ ಹೈಸ್ಕೂಲಿನಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ದಾಳಿಗೆ ಹೋದರೆ ಏದುಸಿರು ಬಿಡುತ್ತಾ ಬರಿಗೈಯಲ್ಲಿ ಬರುತ್ತಿದ್ದವಳು, ಹಿಡಿಯಲು ನಿಂತರೆ ಮಾತ್ರ ಭದ್ರಕಾಳಿ. ಬಂದವಳ ಕಣಕಾಲು ಕೈಗೆ ಸಿಕ್ಕಿತೋ, ಅವಳ ಕಥೆ ಮುಗಿಯಿತು. ತರಚಿದ ಮೊಣಕೈ, ಲಂಗದ ತುಂಬ ಕೆಮ್ಮಣ್ಣು, "ಕಾಲು ಹಿಡಿಯೇ!" ಎಂದು ಗಂಟಲು ಹರಿದುಕೊಳ್ಳುವ ಗೆಳತಿಯರು. ಅಯ್ಯೋ, ಆ ಸಂಜೆಗಳನ್ನು ನೆನೆದರೆ ಈಗಲೂ ಕಾಲು ಹಿಡಿಯಲು ಕೈ ಮುಂದಾಗುತ್ತದೆ.

ಈಗ ನಾನು ಫ್ರಾಂಕ್‌ಫರ್ಟಿನ ಪಕ್ಕದ ಎಷ್‌ಬಾರ್ನಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಹದಿಮೂರರ ಮಗಳು ಅನಘಾ ಸೇರಿರುವುದು ಅಮೆರಿಕನ್ ಫುಟ್‌ಬಾಲಿಗೆ. ಹುಡುಗಿಯರು ಆಡುವುದು ಅದರ ಸಾಧು ರೂಪ. ಸೊಂಟಕ್ಕೆ ಎರಡು ಪಟ್ಟಿ ಸಿಕ್ಕಿಸಿಕೊಂಡಿರುತ್ತಾರೆ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳು ನಿಲ್ಲಬೇಕು. ಮೈ ಹಿಡಿಯುವಂತಿಲ್ಲ. ದಾಳಿ ಮಾಡುವವರು ಬೇರೆ, ತಡೆಯುವವರು ಬೇರೆ. ಮಗಳು ತಡೆಯುವವಳು ಎಂದು ಗೊತ್ತಾದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ಟೀವಿಯಲ್ಲಿ ದೊಡ್ಡವರ ಆಟ ನೋಡುವ ನನ್ನ ಗಂಡ ಶ್ರೀಧರ ತಣ್ಣೀರೆರಚಿದ. "ಡಿಫೆನ್ಸ್ ಕಾಲ ಮುಗೀತು ಕಣೇ. ಈಗಿನ ರೂಲ್ಸೆಲ್ಲಾ ಅಟ್ಯಾಕ್ ಮಾಡೋರ ಕಡೆಗೇ." ಪಕ್ಕದಲ್ಲಿ ಕೂತು ನೋಡಿದೆ, ನಿಜ. ಚೆಂಡೆಸೆಯುವವನನ್ನು ಹೊಸ ಅಳಿಯನ ಹಾಗೆ ಕಾಪಾಡುತ್ತಾರೆ. ಅಂಕ ಬಂದರೆ ಜನ ಕುಣಿಯುತ್ತಾರೆ, ಬಾರದಂತೆ ತಡೆದವನ ಹೆಸರು ಯಾರಿಗೂ ಬೇಡ. ನಮ್ಮ ಕಬಡ್ಡಿಯಲ್ಲಿ ಹಿಡಿದವಳಿಗೂ ಅಂಕವಿತ್ತು, ಶಿಳ್ಳೆಯೂ ಇತ್ತು. ದಾಳಿಗೆ ಹೋದವಳೇ ವಾಪಸ್ಸು ಬಂದು ಕೈಕೈ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು.

ನಮ್ಮ ಮನೆಯಲ್ಲಿ ಇನ್ನೊಂದು ಪಂದ್ಯ ವರ್ಷಗಳಿಂದ ನಡೆದಿದೆ. ನಾನು ಕನ್ನಡದಲ್ಲಿ ದಾಳಿ ಮಾಡುತ್ತೇನೆ, ಅನಘಾ ಜರ್ಮನ್‌ನಲ್ಲಿ ತಡೆಯುತ್ತಾಳೆ. "ಊಟಕ್ಕೆ ಬಾರೇ" ಎಂದರೆ "ಗ್ಲೈಷ್" ಅನ್ನುತ್ತಾಳೆ. ಈಗ ಬಂದೆ ಎಂದು ಅರ್ಥ, ಬರುವುದಿಲ್ಲ ಎಂದು ಭಾವಾರ್ಥ. ನನ್ನ ಮಾತು ಅವಳ ಕಿವಿಯಿಂದ ಒಳಗೆ ಇಳಿಯುತ್ತದೆಯೋ ಇಲ್ಲವೋ ಎಂಬುದೇ ನನ್ನ ನಿತ್ಯದ ಸಂಕಟ.

ಹೋದ ಶನಿವಾರ ಫ್ರಾಂಕ್‌ಫರ್ಟಿನಲ್ಲಿ ಸೆಮಿಫೈನಲ್. ಕೂಗಬಾರದೆಂದು ಮಗಳು ಮೊದಲೇ ಜರ್ಮನ್‌ನಲ್ಲಿ ಆಣೆ ಹಾಕಿಸಿಕೊಂಡಿದ್ದಳು. ಕೊನೆಯ ನಿಮಿಷದವರೆಗೂ ನಾನು ಗೌರಮ್ಮನ ಹಾಗೆ ಕೂತಿದ್ದೆ. ನಮ್ಮವರೇ ಮುಂದಿದ್ದರು, ಎದುರಾಳಿಗಳಿಗೆ ಉಳಿದದ್ದು ಒಂದೇ ಅವಕಾಶ. ಎತ್ತರದ ಹುಡುಗಿಯೊಬ್ಬಳು ಚೆಂಡು ಅವುಚಿಕೊಂಡು ನೇರ ಅನಘಾಳ ಕಡೆಗೇ ನುಗ್ಗಿದಳು. ಆಣೆಯೂ ಹೋಯಿತು, ಫ್ರಾಂಕ್‌ಫರ್ಟೂ ಹೋಯಿತು. ನಾನು ಮೈಸೂರಿನ ಮಣ್ಣಿನಲ್ಲಿ ನಿಂತಿದ್ದೆ.

"ಕಾಲು ಹಿಡಿಯೇ! ಕಾಲು!"

ಹಿಡಿದೇಬಿಟ್ಟಳು! ನೆಲಕ್ಕೆ ಬಿದ್ದು, ಎರಡೂ ಕಣಕಾಲು ಬಾಚಿ, ಥೇಟ್ ನನ್ನ ಹಾಗೆಯೇ. ರೆಫರಿ ಸೀಟಿ ಊದಿದರು. ಫೌಲು. ಎದುರಾಳಿಗಳಿಗೆ ಇನ್ನೊಂದು ಅವಕಾಶ ಸಿಕ್ಕಿತು, ಅಂಕವೂ ಬಂತು. ನಾವು ಸೋತೆವು.

ಮನೆಗೆ ಬರುವ ಎಸ್-ಬಾನ್ ರೈಲಿನ ತುಂಬ ಬೈಗುಳ. "ಯಾಕಮ್ಮಾ ಹಾಗೆ ಕೂಗ್ದೆ? ನೀನು ಹೇಳಿದ್ದಕ್ಕೇ ಹಿಡಿದ್ಬಿಟ್ಟೆ! ನಿನ್ನಿಂದಾನೇ ಸೋತಿದ್ದು! ಇನ್ಮೇಲೆ ಬರ್ಲೇಬೇಡ ನೀನು!" ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ, ಒಂದೇ ಒಂದು ಜರ್ಮನ್ ಪದ ಬೆರೆಸದೆ ಬೈದಳು. ಶ್ರೀಧರ ನನ್ನ ಪರವಾಗಿ ಏನೋ ಹೇಳಲು ಹೊರಟ, ಮೊಣಕೈಯಿಂದ ತಿವಿದೆ. ಪಾಪ, ಮಗುವಿನ ಫೈನಲ್ ಹೋಗಿದೆ, ನಾನು ನಗಬಾರದು. ತಲೆ ತಗ್ಗಿಸಿ, ಬಾಯಿ ಮುಚ್ಚಿಕೊಂಡು ಕೂತೆ. ಎಷ್‌ಬಾರ್ನ್ ಇನ್ನೂ ನಾಲ್ಕು ಸ್ಟೇಷನ್ ಆಚೆಗಿರಬಾರದಿತ್ತೇ ಅನ್ನಿಸಿತು.