ಡಿಸ್ಕ್ ಪ್ಲೇಯರಿನ ಲೂಸ್ ಕನೆಕ್ಷನ್

ಇದನ್ನು ಬರೆಯಬೇಕೆಂದು ಐದಾರು ಮಳೆಗಾಲದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಪ್ರತಿ ಸಲವೂ ಕನ್ನಡಕ ಸರಿಯಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಈಗ ಹೊಸ ಕನ್ನಡಕ ಬಂದಿದೆ, ಏನು ಮಾಡುವುದು?

ಬಣಕಲ್ಲಿನಲ್ಲಿ ಒಬ್ಬನಿದ್ದ. ಜಗತ್ತಿನಲ್ಲಿ ಯಾವ ವಸ್ತುವೂ ಹಾಳಾಗುವುದೇ ಇಲ್ಲ ಎಂದು ನಂಬಿದ್ದ ಏಕೈಕ ರಿಪೇರಿಯವನು! ಟಿವಿಯಲ್ಲಿ ಹೊಗೆ ಬರಲಿ, ಮಿಕ್ಸಿ ಸುಟ್ಟು ನಾತ ಹೊಡೆಯಲಿ, ಅವನದು ಒಂದೇ ಮಾತು: "ಹಾಳಾಗಿಲ್ಲ, ಲೂಸಾಗಿದೆ ಅಷ್ಟೆ." ಹೋಟೆಲಿನ ಶೆಟ್ಟರು ಸೊಂಟ ನೋವು ಎಂದಾಗಲೂ ಹಾಗೇ ಹೇಳಿದನಂತೆ.

ನಾನು ಬಾಳೂರಿನ ಕಡೆ ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಒಂಟಿ ಮನುಷ್ಯ. ಕ್ವಾರ್ಟರ್ಸಿನಲ್ಲಿ ನನ್ನ ಜೊತೆಗಿದ್ದದ್ದು ಒಂದು ಹಳೆಯ ಡಿಸ್ಕ್ ಪ್ಲೇಯರ್. ಅದರ ಹೊಟ್ಟೆಯೊಳಗೆ ಜಡೆಗೆ ಕಟ್ಟುವ ಟೇಪಿನಂಥ ಚಪ್ಪಟೆ ಕೇಬಲ್ಲು. ಅದು ಸಾಕೆಟ್ಟಿನಿಂದ ಜಾರಿತೆಂದರೆ ಚಿತ್ರವೂ ಇಲ್ಲ, ಹಾಡೂ ಇಲ್ಲ. ಅವನು ಮುಚ್ಚಳ ಬಿಚ್ಚಿ, ಕೇಬಲ್ಲಿನ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಒತ್ತಿ ಕೂರಿಸುತ್ತಿದ್ದ. ನಾನು ವಾಪಸು ಹೋಗುವ ಬಾಡಿಗೆ ಜೀಪು ಕುಲುಕುತ್ತ ಬಾಳೂರು ಮುಟ್ಟುವಷ್ಟರಲ್ಲಿ ಅದು ಮತ್ತೆ ಜಾರಿರುತ್ತಿತ್ತು. ಮೂರನೇ ಸಲ ಅವನೇ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಜೀಪು ಹತ್ತಿದ. ಗುಂಡಿ ಬಂದಾಗಲೆಲ್ಲ ಅದನ್ನು ಮಗುವಿನಂತೆ ಎತ್ತಿ ಹಿಡಿಯುವನು, ತನ್ನ ತಲೆ ಮಾತ್ರ ಕಂಬಿಗೆ ಬಡಿಸಿಕೊಳ್ಳುವನು.

"ನಿನ್ನ ತಲೆನೇ ಲೂಸು ಮಾರಾಯ," ಎಂದೆ. ಜೀಪಿನ ತುಂಬ ನಗು. ಅಂದಿನಿಂದ ಅವನ ಹೆಸರೇ ಲೂಸ್. ಇಟ್ಟವನು ನಾನೆಂದು ನನಗೆ ಜಂಬವೂ ಇತ್ತು.

ಒಂದು ಭಾನುವಾರ ಶೆಟ್ಟರ ಹೋಟೆಲಿನಲ್ಲಿ ಕೂತಿದ್ದೆ. ಮಲ್ಲಂದೂರಿನಿಂದ ಬಂದ ಹಿರಿಯರಿಬ್ಬರು, "ಟಿವಿ ರಿಪೇರಿ ಹುಡುಗನ ಅಂಗಡಿ ಎಲ್ಲಿ ಬರುತ್ತೆ?" ಎಂದರು.

"ಲೂಸಿನ ಅಂಗಡಿಯಾ?" ಎಂದೆ ನಾನು.

"ಲೂಸಾ?"

"ಪೂರ್ತಿ ಲೂಸು ಮಾರಾಯ್ರೆ. ಊರಿಗೇ ಗೊತ್ತು."

ಹೋಟೆಲ್ಲು ನಕ್ಕಿತು. ಅವರು ನಗಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ವಾಪಸು ಹೋಗುವ ಬಸ್ಸು ಹತ್ತಿದರು.

ಅಲ್ಲಿಂದೆದ್ದು, ರಿಪೇರಿಗೆ ಕೊಟ್ಟಿದ್ದ ಪ್ಲೇಯರ್ ತರಲು ಅಂಗಡಿಗೆ ಹೋದರೆ, ಇವನು ಇಸ್ತ್ರಿ ಶರಟು ತೊಟ್ಟು, ಎರಡು ಕುರ್ಚಿ ಒರೆಸಿಟ್ಟು ನಿಂತಿದ್ದಾನೆ.

"ಹುಡುಗಿ ಕಡೆಯವ್ರು ಬರ್ತೀವಿ ಅಂದಿದ್ರು ರೈಟ್ರೇ. ಬಸ್ಸು ಸಿಗಲಿಲ್ವೇನೋ."

ಆ ಕುರ್ಚಿಗಳಲ್ಲೊಂದರಲ್ಲಿ ಸಂಜೆಯವರೆಗೂ ನಾನೇ ಕೂತಿದ್ದೆ.

ಹೋಟೆಲಿನಲ್ಲಿ ನಾನಾಡಿದ್ದನ್ನು ಹೇಳಿಬಿಡಬೇಕೆಂದು ಆಮೇಲೆ ಎಷ್ಟು ಸಲ ಹೋದೆನೋ. ಹೋಗಲು ಕಾರಣ ಬೇಕಲ್ಲ? ಕೇಬಲ್ಲನ್ನು ನಾನೇ ಕಿತ್ತು ಒಯ್ಯುತ್ತಿದ್ದೆ. ಒಂದು ದಿನ ಅವನು ಮುಚ್ಚಳ ತೆಗೆದು ನೋಡಿ ನಕ್ಕ.

"ಇದು ಜಾರಿದ್ದಲ್ಲ ರೈಟ್ರೇ, ಕಿತ್ತಿದ್ದು. ಒಬ್ರೇ ಇದ್ದು ಬೇಜಾರಾದ್ರೆ ಸುಮ್ನೆ ಬನ್ನಿ. ಪಾಪ, ಇದನ್ನ ಯಾಕೆ ಎಳೀತೀರಿ?"

ಆಗಲೂ ಹೇಳಲಿಲ್ಲ. ಮುಂದಿನ ವರ್ಷ ಅವನು ಅಂಗಡಿ ಖಾಲಿ ಮಾಡಿ ಹೋದ, ಮದುವೆಯಿಲ್ಲದೆಯೇ. ಎಲ್ಲಿಗೆ ಹೋದನೆಂದು ಈಗಲೂ ಬಣಕಲ್ಲಿನಲ್ಲಿ ವಿಚಾರಿಸುತ್ತೇನೆ. ಹೆಸರು ಹೇಳಿದರೆ "ಯಾರದು?" ಎನ್ನುತ್ತಾರೆ. ನಾನಿಟ್ಟ ಹೆಸರು ಹೇಳಿದರೆ ಎಲ್ಲರಿಗೂ ತಟ್ಟನೆ ಗೊತ್ತಾದೀತು. ಹೇಳುವುದಿಲ್ಲ. ಅವನ ತಂದೆತಾಯಿ ಇಟ್ಟ ಹೆಸರನ್ನೇ ಮತ್ತೊಮ್ಮೆ ಹೇಳುತ್ತೇನೆ: ರುದ್ರೇಶ.