ಯಾವ ನೀರು, ದೊಡ್ಡಮ್ಮ?

ನನ್ನ ದೊಡ್ಡಮ್ಮನನ್ನು ಮದುವೆಗೆ ಕರೆಯಲು ಜನ ಹೆದರುತ್ತಿದ್ದರು. ಊಟಕ್ಕೆ ಹೆಸರಿಡುವ ನೆಂಟರು ಎಲ್ಲರಿಗೂ ಇರುತ್ತಾರೆ, ಅವರನ್ನು ಹೇಗೋ ಸಹಿಸಬಹುದು. ನಮ್ಮ ದೊಡ್ಡಮ್ಮ ಹೆಸರಿಡುತ್ತಿದ್ದದ್ದು ನೀರಿಗೆ!

ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಕ್ರಮ. ಉಳಿದವರು ಕುಡಿದು ಕ್ಷೇಮಸಮಾಚಾರಕ್ಕೆ ಕೂತರೆ, ಇವರು ಒಂದು ಗುಟುಕನ್ನು ಬಾಯಲ್ಲಿ ತಿರುಗಿಸಿ ತೀರ್ಪು ಕೊಡುತ್ತಿದ್ದರು. ಒಮ್ಮೆ ಸಂಬಂಧದ ಹುಡುಗಿಯೊಬ್ಬಳಿಗೆ ಗಂಡು ನೋಡಲೆಂದು ಈಶ್ವರಮಂಗಲಕ್ಕೆ ಹೋಗಿದ್ದೆವು. "ನಮ್ಮ ಬಾವಿಯ ನೀರು, ಕುಡೀರಿ" ಎಂದರು ಹುಡುಗನ ತಂದೆ. ದೊಡ್ಡಮ್ಮ ಗುಟುಕರಿಸಿ ಕೇಳಿದರು, "ಬಾವಿ ಬತ್ತಿ ಎಷ್ಟು ಸಮಯ ಆಯ್ತು?"

ಪಾಪ, ಆ ಮನುಷ್ಯನ ಮುಖ ನೋಡಬೇಕಿತ್ತು! ವಾಪಸು ಬರುವಾಗ ಜೀಪಿನಲ್ಲಿ ಎಲ್ಲರೂ, "ಹುಡುಗ ಹೇಗೆ ದೊಡ್ಡಮ್ಮ?" ಎಂದು ಕೇಳಿದೆವು.

"ಹುಡುಗ ಒಳ್ಳೆಯವ. ನೀರು ಬೋರಿನದ್ದು. ಹುಡುಗಿಗೆ ಮೊದಲೇ ಹೇಳಿಬಿಡಿ."

ಅಷ್ಟು ಸೊಕ್ಕು ಎಲ್ಲಿಂದ ಬಂತು ಅಂತೀರಾ? ಮರ್ಕಂಜದ ನಮ್ಮ ಮನೆಯ ಕೆಳಗಿನ ಸುರಂಗದಿಂದ! ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಸುರಂಗದ ಕೊನೆಯಲ್ಲಿ ಕಲ್ಲಿನ ಸಂದಿನಿಂದ ನೂಲಿನಷ್ಟು ನೀರು ಇಳಿದು ಪುಟ್ಟ ತೊಟ್ಟಿಗೆ ಬೀಳುತ್ತಿತ್ತು. ಪಂಪು ಇಟ್ಟರೆ ಎರಡು ನಿಮಿಷಕ್ಕೇ ಬರೀ ಗಾಳಿ. ಹಾಗಾಗಿ ಐವತ್ತೆರಡು ಮೆಟ್ಟಿಲು ಖಾಲಿ ಕೊಡದೊಂದಿಗೆ ಇಳಿಯಬೇಕು, ತುಂಬಿದ ಕೊಡದೊಂದಿಗೆ ಹತ್ತಬೇಕು. ದೊಡ್ಡಮ್ಮ ದಿನಾ ಬೆಳಿಗ್ಗೆ ಹತ್ತಿ ಬಂದು, ಜಗಲಿಯಲ್ಲಿ ಕೂತು ಒಂದು ಲೋಟ ಕುಡಿದು, "ಇನ್ನೊಂದು ಚೂರು" ಎಂದು ತಮಗೆ ತಾವೇ ಉಪಚಾರ ಮಾಡಿಕೊಂಡು ಮತ್ತೆ ಬಗ್ಗಿಸಿಕೊಳ್ಳುತ್ತಿದ್ದರು.

ಪುತ್ತೂರಿಗೆ ಹೋದರೂ ಆ ನೀರಿನ ಕ್ಯಾನು ಜೊತೆಗೇ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ತಡೆಯಲಾರದೆ ಕೇಳಿದ, "ಎಂತ ಅಜ್ಜಿ, ಪುತ್ತೂರಿನಲ್ಲಿ ನೀರಿಲ್ವಾ?"

"ನೀರುಂಟು ಮಾರಾಯ. ಕುಡಿಯುವಂಥದ್ದು ಇಲ್ಲ."

"ಹಾಗಾದ್ರೆ ಇದಕ್ಕೂ ಟಿಕೆಟ್ ಮಾಡ್ಬೇಕಾಗ್ತದೆ."

"ಮಾಡು. ಆದ್ರೆ ಕಿಟಕಿ ಹತ್ರ ಸೀಟು ಬೇಡ, ಅದಕ್ಕೆ ಬಿಸಿಲು ಆಗುದಿಲ್ಲ!"

ನನ್ನನ್ನು ಸಾಕಿದವರು ಈ ದೊಡ್ಡಮ್ಮನೇ. ಅಮ್ಮ ಬೇಗ ಹೋದರು. ನಾನು ಮದುವೆಯಾಗಲಿಲ್ಲ, ಸುಳ್ಯದ ಶಾಲೆಯೊಂದರಲ್ಲಿ ಗಣಿತ ಕಲಿಸಿದೆ. ದೊಡ್ಡಪ್ಪ ತೀರಿಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಎಪ್ಪತ್ತು ದಾಟಿದ ಮೇಲೆ ದೊಡ್ಡಮ್ಮನ ಮೊಣಗಂಟು ಮುಷ್ಕರ ಹೂಡಿತು. ಮೆಟ್ಟಿಲು ಬಂದ್. ನೀರು ತರುವ ಕೆಲಸ ನನ್ನ ಪಾಲಿಗೆ ಬಂತು.

ಈಗ ನನ್ನ ಕಳ್ಳತನ ಹೇಳಬೇಕು. ಎರಡು ತಿಂಗಳು ಪ್ರಾಮಾಣಿಕವಾಗಿ ಹೊತ್ತೆ. ನನಗೂ ಆಗ ಐವತ್ತು ದಾಟಿತ್ತು, ನನ್ನ ಮೊಣಗಂಟೂ ಕಿರ್ ಎನ್ನುತ್ತಿತ್ತು. ಕೃಷಿಗೆಂದು ಕೊರೆಸಿದ ಬೋರಿನ ನಲ್ಲಿ ಹಿತ್ತಿಲಲ್ಲೇ ಇತ್ತು. ಒಂದು ದಿನ ಕೊಡ ಹಿಡಿದು ಮೆಟ್ಟಿಲ ಕಡೆ ಹೋದವಳು ಹಲಸಿನ ಮರಕ್ಕೆ ಸುತ್ತು ಬಂದು ಬೋರಿನ ನೀರನ್ನೇ ತುಂಬಿಸಿದೆ. ಕುದಿಸಿ, ಲಾವಂಚದ ಬೇರು ಹಾಕಿ, ಮೋಸಕ್ಕೆ ಪರಿಮಳ ಕಟ್ಟಿ ಲೋಟ ಕೊಟ್ಟೆ.

ದೊಡ್ಡಮ್ಮ ಕುಡಿದರು. ಲೋಟ ಕೆಳಗಿಟ್ಟರು. "ಆಯ್ತು" ಎಂದರು.

ಅಷ್ಟೇ! ಇಡೀ ತಾಲೂಕನ್ನು ನಡುಗಿಸಿದ ನಾಲಿಗೆಯನ್ನು ಗೆದ್ದುಬಿಟ್ಟೆ ಎಂದು ಹಿಗ್ಗಿದೆ. ಗುತ್ತಿಗಾರಿನ ಗೆಳತಿಗೆ ಫೋನು ಮಾಡಿ ಜಂಬವನ್ನೂ ಕೊಚ್ಚಿದೆ. ಹೀಗೆ ಎಷ್ಟೋ ವರ್ಷ ನಡೆಯಿತು. ದೊಡ್ಡಮ್ಮ ಮಾತ್ರ ಸಂಜೆ ಮೇಲಿನ ಮೆಟ್ಟಿಲಲ್ಲಿ ಕೂತು ಕೆಳಗೆ ನೋಡುತ್ತಾ, "ಸಾಯುವ ಮೊದಲು ಒಮ್ಮೆ ಅಲ್ಲಿ ಇಳಿದು ಬೊಗಸೆಯಲ್ಲಿ ಕುಡೀಬೇಕು ಮಗಾ" ಎನ್ನುತ್ತಿದ್ದರು. ಸುರಂಗದ್ದೇ ಎಂದು ನಂಬಿ ದಿನಾ ಕುಡಿಯುವವರಿಗೆ ಇಷ್ಟು ಹಂಬಲವೇಕೆ ಎಂದು ನಾನು ನಗುತ್ತಿದ್ದೆ. ಗಣಿತದ ಟೀಚರಿಗೆ ಇಷ್ಟು ಸುಲಭದ ಲೆಕ್ಕ ಹೊಳೆಯಲಿಲ್ಲ ನೋಡಿ!

ಬರಬರುತ್ತಾ ಅವರ ಸೊಂಟ, ಕುತ್ತಿಗೆ ಎಲ್ಲ ಬಿಗಿಯತೊಡಗಿತು. ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಪುತ್ತೂರಿನ ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದರು, "ಅಮ್ಮ, ನೀವು ಕುಡಿಯುದು ಯಾವ ನೀರು?"

ದೊಡ್ಡಮ್ಮನ ಮುಖ ಅರಳಿತು. "ನೋಡು! ಎಂಬತ್ತು ವರ್ಷದಲ್ಲಿ ನನ್ನತ್ರ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ!"

ಡಾಕ್ಟರು ವಿವರಿಸಿದರು. ಕೆಲವು ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುತ್ತದೆ. ವರ್ಷಗಟ್ಟಲೆ ಕುಡಿದರೆ ಎಲುಬಿನಲ್ಲಿ ಸೇರಿ ಗಂಟುಗಳು ಬಿಗಿಯುತ್ತವೆ. ಪ್ರಾಯದವರ ಎಲುಬಿಗೆ ಅದು ಇನ್ನೂ ಕಷ್ಟ. ಕುದಿಸಿದರೂ ಹೋಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ನೋವಿಗೆ ಪ್ರಾಯವೂ ಕಾರಣ ಇರಬಹುದು, ಆದರೂ ನೀರು ಪರೀಕ್ಷೆ ಮಾಡಿಸಿ ಎಂದರು. ಬೋರಿನದ್ದೊಂದು, ಸುರಂಗದ್ದೊಂದು ಬಾಟಲಿ ಕೊಟ್ಟು ಬಂದೆ. ಸುರಂಗದ್ದು ಸರಿ ಇತ್ತು. ಬೋರಿನದ್ದರಲ್ಲಿ ಫ್ಲೋರೈಡ್ ಇರಬೇಕಾದದ್ದಕ್ಕಿಂತ ಹೆಚ್ಚಿತ್ತು.

ಆ ಮಧ್ಯಾಹ್ನ ಜಗಲಿಯಲ್ಲಿ ಅವರ ಕಾಲಬುಡದಲ್ಲಿ ಕೂತು ಎಲ್ಲ ಹೇಳಿ ಅತ್ತೆ. ದೊಡ್ಡಮ್ಮ ಬಾಯಿಯ ಎಲೆಯಡಿಕೆ ನಿಧಾನಕ್ಕೆ ಉಗಿದು ಬಂದರು.

"ಎಂತಕ್ಕೆ ಕೂಗುದು? ನನಗೆ ಮೊದಲ ದಿನವೇ ಗೊತ್ತಾಗಿತ್ತು."

"ಮತ್ತೆ ಯಾಕೆ ಕುಡಿದದ್ದು ದೊಡ್ಡಮ್ಮ?"

"ಆ ಎರಡು ತಿಂಗಳು ನೀನು ಮೆಟ್ಟಿಲು ಹತ್ತುವಾಗ ಕುಂಟುದು ನನಗೆ ಕಾಣ್ತಿತ್ತು. ನನ್ನ ಕಾಲಂತೂ ಹೋಯ್ತು, ನಿನ್ನದೂ ಹೋಗುದು ಬೇಡ ಅಂತ. ಎಲುಬಿಗೆ ಕೂರುವ ವಿಷ ಅದರಲ್ಲಿ ಉಂಟು ಅಂತ ನನಗೂ ಗೊತ್ತಿರ್ಲಿಲ್ಲ."

ಆಗ ನೆನಪಾಯಿತು. ಅಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ "ಇನ್ನೊಂದು ಚೂರು" ಎಂದಿರಲಿಲ್ಲ.

ಮರುದಿನದಿಂದ ಮತ್ತೆ ಸುರಂಗಕ್ಕೆ ಇಳಿದೆ, ಚಿಕ್ಕ ಕ್ಯಾನು ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ಕೂತು. ದೊಡ್ಡಮ್ಮ ಮೇಲೆ ಕೂತು ಕೂಗುತ್ತಿದ್ದರು, "ನಿಧಾನ ಮಗಾ, ನೀರಿಗೆ ಅವಸರ ಇಲ್ಲ!" ಎಲುಬಿಗೆ ಸೇರಿದ್ದು ಅಷ್ಟು ಸುಲಭದಲ್ಲಿ ಬಿಡುತ್ತದೆಯೇ? ನೋವು ಸ್ವಲ್ಪ ತಗ್ಗಿತು, ಬಿಗಿತ ಉಳಿಯಿತು. ಕೆಳಗಿಳಿದು ಬೊಗಸೆಯಲ್ಲಿ ಕುಡಿಯುವ ಆಸೆ ಮಾತ್ರ ಈಡೇರಲಿಲ್ಲ.

ಈಗ ಮದುವೆಗಳಲ್ಲಿ ಬಾಳೆಲೆಯ ಪಕ್ಕ ಪುಟ್ಟ ಪ್ಲಾಸ್ಟಿಕ್ ಬಾಟಲಿ ಇಡುತ್ತಾರೆ. ನಾನೂ ಒಂದು ಗುಟುಕು ಬಾಯಲ್ಲಿ ತಿರುಗಿಸಿ ನೋಡುತ್ತೇನೆ. ನನಗೆ ಏನೂ ಗೊತ್ತಾಗುವುದಿಲ್ಲ. ಹೆಸರಿಡುವವರು ಪಕ್ಕದಲ್ಲಿಲ್ಲ ಎಂಬುದೊಂದೇ ಗೊತ್ತಾಗುತ್ತದೆ.

ಅವರು ಹೋದ ದಿನ ಬೆಳಿಗ್ಗೆ, ಉಸಿರು ಇನ್ನೂ ಇದ್ದಾಗಲೇ, ಯಾರೋ ಗಂಗಾಜಲ ತುಂಬಿದ ಪುಟ್ಟ ತಾಮ್ರದ ತಾಲಿ ತಂದಿದ್ದರು. ಅದನ್ನು ಬದಿಗಿಟ್ಟು ಐವತ್ತೆರಡು ಮೆಟ್ಟಿಲು ಇಳಿದೆ. ಕ್ಯಾನು ಒಯ್ಯಲು ಮರೆತಿದ್ದೆ. ಬೊಗಸೆಯಲ್ಲೇ ಹಿಡಿದು ಹತ್ತಿದೆ. ಮೇಲೆ ಬರುವಾಗ ಅಂಗೈಯಲ್ಲಿ ಉಳಿದದ್ದು ಒಂದೆರಡು ಚಮಚದಷ್ಟು. ಆ ಬೊಗಸೆಯನ್ನೇ ಅವರ ತುಟಿಗೆ ಹಿಡಿದೆ. ಕಣ್ಣು ತೆರೆಯಲಿಲ್ಲ. ಗಂಟಲು ಒಮ್ಮೆ ಅಲುಗಿತು.

ಆಮೇಲೆ ದೊಡ್ಡಮ್ಮ "ಇನ್ನೊಂದು ಚೂರು" ಎಂಬಂತೆ ಬಾಯಿ ತೆರೆದರು.