ನಲವತ್ತನೆಯ ಸಹಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಗುರುವಾರ, ಎಂಟನೇ ತರಗತಿಯೆಂಬ ರಾಜ್ಯದಲ್ಲಿ ನಲವತ್ತು ಹುಡುಗಿಯರಿದ್ದರು. ಅವರಲ್ಲೊಬ್ಬಳು ಲೀಡರ್. ಅವಳ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರಲಿಲ್ಲ. ಎದೆಯ ಮೇಲಿನ ತಗಡಿನ ಬ್ಯಾಡ್ಜಿನಲ್ಲಿತ್ತು.

ಬೆಳಿಗ್ಗೆ ಕ್ಲಾಸ್ ಮೇಡಂ ಒಂದು ದೊಡ್ಡ ಹಾಳೆ ಕೊಟ್ಟಿದ್ದರು. ಮೇಲೆ ಪ್ರತಿಜ್ಞೆ, ಕೆಳಗೆ ಸಹಿಗೆ ಜಾಗ. ಮೊದಲ ಬೆಂಚಿನವಳು ಸಹಿ ಹಾಕಿದಳು. ಅವಳು ಹಾಕಿದಳೆಂದು ಪಕ್ಕದವಳು, ಪಕ್ಕದವಳು ಹಾಕಿದಳೆಂದು ಹಿಂದಿನವಳು. ಹತ್ತೇ ನಿಮಿಷದಲ್ಲಿ ಹಾಳೆ ತರಗತಿ ಸುತ್ತಿ ಬಂತು. ಸಹಿ ಮಾತ್ರ ಮೂವತ್ತೊಂಬತ್ತು.

"ಆ ಕಿಟಕಿ ಪಕ್ಕ ಕೂರೋಳದ್ದು ಎಲ್ಲಿ?" ಎಂದರು ಮೇಡಂ. "ಸಂಜೆ ಗಂಟೆ ಹೊಡೆಯೋದ್ರೊಳಗೆ ಬೇಕು. ಇಷ್ಟೂ ಆಗಲ್ಲ ಅಂದ್ರೆ ಬ್ಯಾಡ್ಜ್ ಬಿಚ್ಚಿಡಮ್ಮ."

"ಅವಳ ಸಹಿ ತಂದೇ ತರ್ತೀನಿ ಮೇಡಂ!" ಲೀಡರ್ ಮಾತು ಕೊಟ್ಟಳು.

ಕಿಟಕಿಯವಳು ಪೆನ್ಸಿಲ್ ಹೆರೆಯುತ್ತಿದ್ದಳು. "ಓದಿ, ಯೋಚನೆ ಮಾಡಿ ಹಾಕ್ತೀನಿ ಕಣೇ."

"ಓದೋಕೇನಿದೆ? ಎಲ್ರೂ ಹಾಕಿದಾರಲ್ಲ!"

"ಹಾಕಿರ್ಲಿ."

ಊಟದ ಬಿಡುವಿನಲ್ಲಿ ಲೀಡರ್ ಸೈನ್ಯ ಕಟ್ಟಿದಳು. ಉದ್ದಜಡೆಯವಳು, "ನಿಂಗೊಬ್ಳಿಗೇನು ಕೊಂಬಿದ್ಯಾ?" ಎಂದು ಕೇಳಿದಳು. ಕನ್ನಡಕದವಳು, "ಇನ್ಮೇಲೆ ನಿನ್ನ ಜೊತೆ ಊಟಕ್ಕೆ ಕೂರಲ್ಲ, ಹೋಗೇ," ಎಂದು ಡಬ್ಬಿ ಎತ್ತಿಕೊಂಡು ಎದ್ದಳು. ಆಯಾ ಕೂಡ ಪೊರಕೆ ಹಿಡಿದೇ ಬಂದು, "ಹಾಕ್ಬಿಡು ತಾಯಿ, ನಾನು ಕಸ ಗುಡಿಸ್ಬೇಕು," ಎಂದಳು.

ಕೊನೆಯ ಪಿರಿಯಡ್ಡಿನ ಹೊತ್ತಿಗೆ, ಹೊರಟುನಿಂತ ಕೊನೆಯ ಬಸ್ಸಿಗೆ ಮುತ್ತಿದ ಹಾಗೆ ಇಡೀ ತರಗತಿ ಕಿಟಕಿ ಪಕ್ಕದ ಬೆಂಚಿಗೆ ಮುತ್ತಿತ್ತು. ಲೀಡರ್ ಪೆನ್ನನ್ನು ಅವಳ ಬೆರಳ ಸಂದಿಗೇ ತುರುಕಿದಳು.

ಕಿಟಕಿಯವಳು ಪೆನ್ ಕೆಳಗಿಟ್ಟು ಪ್ರತಿಜ್ಞೆಯನ್ನು ಗಟ್ಟಿಯಾಗಿ ಓದಿದಳು: "ಗೆಳತಿಯರ ಒತ್ತಾಯಕ್ಕೆ ಮಣಿದು ನಾನು ಯಾವ ಕೆಲಸವನ್ನೂ ಮಾಡುವುದಿಲ್ಲ."

ಆಮೇಲೆ ಸುತ್ತ ನಿಂತವರತ್ತ ತಿರುಗಿದಳು.

"ನೀವೆಲ್ಲ ಸೇರಿ ಒತ್ತಾಯ ಮಾಡ್ತಿದೀರಿ. ಈಗ ಹಾಕಿದ್ರೆ, ಹಾಕ್ತಾ ಹಾಕ್ತಾನೇ ಮಾತು ಮುರಿದ ಹಾಗಲ್ವಾ?"

ಉದ್ದಜಡೆಯವಳು ತಲೆ ಕೆರೆದುಕೊಂಡಳು. "ಹಂಗಾದ್ರೆ ನಂದೂ ಸುಳ್ಳೇ. ನೀವೆಲ್ಲ ಹಾಕಿದ್ರಿ ಅಂತ ಹಾಕ್ದೆ." ತನ್ನ ಸಹಿಯ ಮೇಲೆ ಗೀಟೆಳೆದಳು. ಅವಳು ಎಳೆದಳೆಂದು ಕನ್ನಡಕದವಳು ಎಳೆದಳು. ಅವಳು ಎಳೆದಳೆಂದು ಮಿಕ್ಕವರು ಸಾಲುಗಟ್ಟಿದರು.

"ಅಯ್ಯೋ, ಬೇಡ್ರೇ! ನಿಲ್ಲಿಸ್ರೇ!" ಲೀಡರ್ ಕೂಗಿಕೊಂಡಳು.

"ಲೀಡರೇ, ನಿಂದೊಂದೇ ಉಳಿದಿರೋದು. ಎಲ್ರೂ ಗೀಟು ಎಳೆದಿದಾರೆ, ನೀನೂ ಎಳಿ!"

ಮೂವತ್ತೆಂಟು ಜೊತೆ ಕಣ್ಣುಗಳು ಅವಳನ್ನೇ ನೋಡಿದವು. ಲೀಡರ್ ಗೀಟೆಳೆದಳು.

ಎಲ್ಲರೂ ಚೀಲ ತುಂಬಿಕೊಳ್ಳಲು ಹೋದರು. ಲೀಡರ್ ಮಾತ್ರ ತಲೆಯ ಮೇಲೆ ಕೈಹೊತ್ತು ಕುಳಿತಳು. ಗಂಟೆಗೆ ಇನ್ನು ಎರಡು ನಿಮಿಷ.

"ಪೆನ್ ಕೊಡೇ," ಎಂದಳು ಕಿಟಕಿಯವಳು.

"ಯಾಕೆ? ನೀನೂ ಗೀಟು ಹಾಕ್ತೀಯಾ?"

"ಸಹಿ ಹಾಕ್ತೀನಿ. ಯೋಚನೆ ಮಾಡಿ ನೋಡಿದೆ, ಚೆನ್ನಾಗೇ ಬರೆದಿದಾರೆ. ಈಗ ಯಾರೂ ಹಾಕು ಅಂತಿಲ್ವಲ್ಲ."

ಗುಂಡಗಿನ ಅಕ್ಷರದಲ್ಲಿ ಸಹಿ ಬಿತ್ತು. ಗಂಟೆ ಹೊಡೆಯಿತು.

ಲೀಡರ್ ಹಾಳೆಯನ್ನು ಮೇಡಂ ಮೇಜಿನ ಮೇಲೆ ಹರಡಿದಳು. ಮೇಡಂ ಬಾಯಿ ತೆರೆಯುವ ಮೊದಲೇ ಬ್ಯಾಡ್ಜನ್ನು ಬಿಚ್ಚಿ ಅದರ ಪಕ್ಕದಲ್ಲಿಟ್ಟಳು.

"ಅವಳ ಸಹಿ ತಂದಿದೀನಿ ಮೇಡಂ."